ಪೆನ್ಸಿಲ್ ಹಚ್ಚಿದ ಮುಖ

ಮುಲ್ತಾನಿ ಮಿಟ್ಟಿಗೆ ನೀರು ಬಿದ್ದಾಗ ಏಳುವ ವಾಸನೆ ಎಷ್ಟೋ ಜನರಿಗೆ ಹಿತ. ನನಗೆ ಮಾತ್ರ ಮೈ ಉರಿಯುತ್ತದೆ. ಮೊನ್ನೆ ಮೊಮ್ಮಗಳು ಅದನ್ನು ಬಟ್ಟಲಲ್ಲಿ ಕಲಸಿಕೊಂಡು, "ಇದನ್ನ ಹಚ್ಚಿದ್ರ ಮೂಗಿನ ಮ್ಯಾಲಿನ ತೂತು ಸಣ್ಣ ಆಕ್ಕಾವಂತ, ಅಜ್ಜಿ" ಎಂದು ಕನ್ನಡಿಯ ಮುಂದೆ ಕೂತಳು. ಅವಳ ಮೇಲೆ ನನಗೇನೂ ಸಿಟ್ಟಿಲ್ಲ. ಅವಳ ಮುಖ ಅವಳದು, ಬೇಕಾದ್ದು ಹಚ್ಚಿಕೊಳ್ಳಲಿ. ಆದರೆ ಆ ವಾಸನೆಗೆ ನನ್ನ ಕಣ್ಣ ಮುಂದೆ ಬಂದದ್ದು ಎಪ್ಪತ್ತರ ದಶಕದ ಅಮೀನಗಡದ ನಮ್ಮ ಮನೆ, ಹಿತ್ತಲ ಕಡೆಯ ಕರಿಹಿಡಿದ ಒಲೆಮನೆ, ಅಲ್ಲಿ ಕೂತಿರುತ್ತಿದ್ದ ನನ್ನ ಸೋದರತ್ತೆ ಗೌರವ್ವ.

ನಮ್ಮದು ಕರದಂಟು ಮಾಡುವ ಮನೆ. ಮುಂದೆ ಅಂಗಡಿ, ಹಿಂದೆ ಒಲೆ. ಅಂಗಡಿ ಅಪ್ಪನದು, ಒಲೆ ಗೌರತ್ತೆಯದು. ಕಾದ ತುಪ್ಪಕ್ಕೆ ಅಂಟಿನ ಹರಳು ಬಿದ್ದರೆ ಚಟಪಟ ಎಂದು ಅರಳುತ್ತಿದ್ದವು. ಒಂದು ಗಳಿಗೆ ತಡವಾದರೆ ಸೀದು ಕಹಿ, ಮೊದಲೇ ತೆಗೆದರೆ ಹಲ್ಲಿಗೆ ಅಂಟು. ಸಾಲಿ ಬಿಡಿಸಿದ ದಿನದಿಂದ ಅತ್ತೆ ಆ ಬಾಣಲೆಯ ಮೇಲೆ ಬಾಗಿಯೇ ಬೆಳೆದಳು. ತುಪ್ಪದ ಹೊಗೆ, ಬೆಲ್ಲದ ಪಾಕದ ಹಬೆ, ಒಲೆಯ ಝಳ ಎಲ್ಲ ಅವಳ ಮುಖದ ಮೇಲೆ. ಮೂಗು, ಕೆನ್ನೆಯ ತುಂಬ ಬಾಯಿ ತೆರೆದ ಸಣ್ಣ ಸಣ್ಣ ತೂತು. ಓಣಿಯ ಹೆಂಗಸರು "ಸಾಣಿಗಿ ಮಾರಿ" ಎಂದು ಆಡಿಕೊಳ್ಳುತ್ತಿದ್ದರು. ಹಿಟ್ಟು ಸೋಸುವ ಸಾಣಿಗೆಗೆ ಹೋಲಿಸುವಷ್ಟು ಕೆಟ್ಟದ್ದೇನಿತ್ತು ಆ ಮುಖದಲ್ಲಿ? ಬಾಣಲೆಯ ತಳ ಕೆರೆದು ನನ್ನ ಬಾಯಿಗಿಡಲು ಅವಳು ಬಾಗಿದಾಗ ನಾನು ಅವಳ ಮೂಗನ್ನು ಬೆರಳಿನಿಂದ ಒತ್ತುತ್ತಿದ್ದೆ, ಅವಳು ನಗುತ್ತಿದ್ದಳು. ಎಲ್ಲ ಅತ್ತೆಯರ ಮುಖವೂ ಹಾಗೇ ಇರುತ್ತದೆಂದು ನಾನು ತಿಳಿದಿದ್ದೆ.

ಮದುವೆಯ ಮಾತು ಬಂದಾಗ ನನ್ನ ಅಜ್ಜಿ, ಅಂದರೆ ಗೌರತ್ತೆಯ ತಾಯಿ, ಆ ಮುಖಕ್ಕೆ ಗಂಟುಬಿದ್ದಳು. ಬೆಳಿಗ್ಗೆ ಎದ್ದರೆ ಕಂಬಳಿ ಹೊದಿಸಿ ಕುದಿನೀರಿನ ಹಬೆ, ಆಮೇಲೆ ಕಡಲೆಹಿಟ್ಟಿನಿಂದ ಚರ್ಮ ಕೆಂಪಾಗುವಂತೆ ತಿಕ್ಕುವುದು, ಮುಲ್ತಾನಿ ಮಿಟ್ಟಿ, ಕೊನೆಗೆ ತೂತು ಮುಚ್ಚಲಿ ಎಂದು ಕೊಡದ ತಣ್ಣೀರು, ಕ್ಷೌರದವರು ಗಾಯಕ್ಕೆ ಉಜ್ಜುವ ಪಟಕದ ಕಲ್ಲು. ಪಟಕದ ಉರಿಗೆ ಅತ್ತೆಯ ಕಣ್ಣಲ್ಲಿ ನೀರು. ಅದು ಆರುವ ಮೊದಲೇ ಒಳಗಿನಿಂದ ಕೂಗು: "ಗೌರಾ, ತುಪ್ಪ ಕಾದೈತಿ, ಲಗೂನ ಬಾ." ಬೆಳಿಗ್ಗೆ ಮುಚ್ಚಿಸಿದ್ದನ್ನು ಮಧ್ಯಾಹ್ನ ತೆರೆಸುತ್ತಿದ್ದರು. ಇದಕ್ಕೆ ಬುದ್ಧಿ ಅನ್ನಬೇಕೋ, ಕಟುಕತನ ಅನ್ನಬೇಕೋ ನೀವೇ ಹೇಳಿ. ಒಂದು ದಿನ ಅತ್ತೆ ಮೆಲ್ಲಗೆ ಅಂದಳು, "ಅವ್ವಾ, ಏನೂ ಹಚ್ಚೂದು ಬ್ಯಾಡ. ಒಂದು ವರ್ಷ ಒಲಿ ಮುಂದಿಂದ ಎಬ್ಬಸು. ಮಾರಿ ತಾನ ನೆಟ್ಟಗಾಕ್ಕೈತಿ."

"ಹಂಗಾರ ಒಲಿ ಮುಂದ ಯಾರ ಕುಂದರಬೇಕು?" ಎಂದಳು ಅಜ್ಜಿ. ಊಟಕ್ಕೆ ಕೂತಿದ್ದ ಅಪ್ಪ ಎಲ್ಲ ಕೇಳಿಸಿಕೊಂಡ. ಎದ್ದು ಕೈ ತೊಳೆದು ಅಂಗಡಿಗೆ ಹೋದ. ಅಜ್ಜಿಗಿಂತ ಅವನ ಮೇಲೆ ನನಗೆ ಹೆಚ್ಚು ಸಿಟ್ಟು. ತಂಗಿಗಾಗಿ ಅವನು ಮಾಡಿದ್ದು ಒಂದೇ: ಬಾಗಲಕೋಟೆಗೆ ಕರೆದೊಯ್ದು ಫೋಟೋ ತೆಗೆಸಿದ್ದು. ನಾನೂ ಹೋಗಿದ್ದೆ. "ಮಾರಿ ಸ್ವಲ್ಪ ನುಣ್ಣಗ ಮಾಡ್ರಿ" ಎಂದು ಅಪ್ಪ ಹೇಳಿದಾಗ ಫೋಟೋದವನು, "ನೆಗೆಟಿವ್ ಮ್ಯಾಲ ಪೆನ್ಸಿಲ್ ಹಚ್ಚತೇನ್ರಿ, ಬೆಣ್ಣಿ ಆಕ್ಕೈತಿ" ಎಂದು ನಕ್ಕ. ಖರೆ, ಬೆಣ್ಣೆಯೇ ಆಯಿತು.

ಆ ಫೋಟೋ ಮೆಚ್ಚಿ ಹುನಗುಂದದಿಂದ ಗಂಡಿನ ಕಡೆಯವರು ಬಂದರು. ಕರದಂಟು ತಿಂದರು, ಮತ್ತೆ ಹಾಕಿಸಿಕೊಂಡರು, ಹಿಂಗ ಅಂಟು ಹುರಿಯೋ ಕೈ ಬೇರೆಲ್ಲೂ ಇಲ್ಲ ಎಂದರು. ಆಮೇಲೆ ಗಂಡಿನ ತಾಯಿ ಅತ್ತೆಯ ಕೈ ಹಿಡಿದು ಬಾಗಿಲ ಬೆಳಕಿಗೆ ಕರೆದುಕೊಂಡು ಹೋಗಿ, ಗದ್ದ ಎತ್ತಿ ನೋಡಿ, ಅಪ್ಪನ ಕಡೆ ತಿರುಗಿದಳು: "ಫೋಟೋದಾಗಿನ ಹುಡಿಗಿ ಎಲ್ಲಿ ಅದಾಳ್ರಿ?"

ನೀವು ಹೊಗಳಿದ ಅಂಟು ಹುರಿದ ಕೈ ಇದೇ ಎಂದು ಹೇಳುವ ನಾಲಿಗೆ ಆ ಮನೆಯಲ್ಲಿ ಇರಲಿಲ್ಲ. ಅವರು ಹೋದ ಮೇಲೆ ಅಜ್ಜಿ ಬೈದದ್ದು ಅಪ್ಪನನ್ನಲ್ಲ, ಸರಿಯಾಗಿ ತಿಕ್ಕಿಕೊಳ್ಳಲಿಲ್ಲ ಎಂದು ಅತ್ತೆಯನ್ನು. ಅತ್ತೆ ಸೀರೆ ಬದಲಿಸಿ ಒಲೆಮನೆಗೆ ಹೋದಳು. ಆಮೇಲೆ ಮನೆಯವರು ಬೇರೆ ವರ ಹುಡುಕಲಿಲ್ಲ. ಅವಳು ಎದ್ದು ಹೋಗುವುದು ಅವರಿಗೆ ಬೇಕಾಗಿಯೂ ಇರಲಿಲ್ಲ ಎಂದು ನನಗೆ ಅರ್ಥವಾಗುವ ಹೊತ್ತಿಗೆ, ಎಂಬತ್ತರ ದಶಕ ಮುಗಿಯುತ್ತಿತ್ತು, ಅವಳೂ ತೀರಿಕೊಂಡಿದ್ದಳು.

ಆ ಮನೆ ಈಗಿಲ್ಲ. ಒಲೆಮನೆಯ ಜಾಗದಲ್ಲಿ ಬೇರೆ ಯಾರದೋ ಅಂಗಡಿಯ ಗೋದಾಮು. ಉಳಿದದ್ದು ನನ್ನ ಗೋಡೆಯ ಮೇಲಿನ ಆ ಫೋಟೋ ಒಂದೇ, ಅತ್ತೆಯದು ಬೇರೆ ಫೋಟೋ ಯಾರೂ ತೆಗೆಸಿರಲಿಲ್ಲ. ಮೊನ್ನೆ ಮೊಮ್ಮಗಳು ಮುಖದ ಮಣ್ಣು ತೊಳೆದು ಬಂದು ಅದರ ಮುಂದೆ ನಿಂತಳು. "ಎಷ್ಟ್ ನುಣ್ಣಗ ಐತಿ ಇವರ ಮಾರಿ. ಏನ್ ಹಚ್ಚತಿದ್ರು, ಅಜ್ಜಿ?"

ನಾನೂ ಎದ್ದು ಫೋಟೋದ ಹತ್ತಿರ ಹೋದೆ. ನನ್ನ ಅಜ್ಜಿ, ಅಪ್ಪ, ಓಣಿಯವರು, ಎಲ್ಲರ ಮೇಲೂ ನನಗೆ ಇಂದಿಗೂ ಸಿಟ್ಟಿದೆ. ಹುನಗುಂದದ ಆ ಹೆಂಗಸಿನ ಮೇಲೆ ಮಾತ್ರ ಅಷ್ಟಿಲ್ಲ. ಗಾಜಿನ ಮೇಲೆ, ಆ ಮೂಗಿನ ಹತ್ತಿರ ಬೆರಳಿಟ್ಟು ನಾನೂ ಅವಳ ಹಾಗೇ ಕೇಳುತ್ತೇನೆ: ಒಲೆಯ ಮುಂದೆ ಕೂತಿದ್ದ ಹುಡುಗಿ ಎಲ್ಲಿ?