ಬಳಚು ಸಿಗದ ಜಾಗದ ಮಣ್ಣು

24-1-2004, ಶನಿವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಸ್ಥಳ ಬೆಳಂಬಾರದ ಅಳಿವೆ. ಹಾಜರಿದ್ದವರು ಮೂವರು: ಸಂಶೋಧನಾ ವಿದ್ಯಾರ್ಥಿನಿ ಶೈಲಜಾ, ಕೆಸರು ಕೆದಕಿ ಬಳಚು ಎಂಬ ಚಿಪ್ಪುಮೀನು ಹೆಕ್ಕಲು ಬಂದಿದ್ದ ಮಾದೇವಿ ಮತ್ತು ನಾನು.

(ಬಂದರು ಕಚೇರಿಯಲ್ಲಿ ಮೂವತ್ತು ವರ್ಷ ಉಬ್ಬರ-ಇಳಿತದ ರೆಜಿಸ್ಟರ್ ಬರೆದವನು ನಾನು. ಸಮುದ್ರ ತಡಮಾಡಿದರೂ ನಾನು ಮಾಡಿದವನಲ್ಲ.)

ಶೈಲಜಾ ಕಾರವಾರದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದಾಳೆ. ಆಕೆಗೆ ಬೇಕಾದದ್ದು ಮಣ್ಣು. ಸುಮ್ಮನೆ ಮಣ್ಣಲ್ಲ, ಐವತ್ತು ವರ್ಷದಿಂದ ಯಾರೂ ಕದಡದ ಕೆಸರು. ಅಂದಿನ ದಿನಗಳಲ್ಲಿ ದೊಡ್ಡ ದೇಶಗಳು ಬಯಲಿನಲ್ಲೇ ಅಣುಬಾಂಬು ಸಿಡಿಸಿ ಪರೀಕ್ಷೆ ಮಾಡಿದವಲ್ಲ, ಅದರ ಧೂಳು ಗಾಳಿಯಲ್ಲಿ ಸುತ್ತಿ ಮಳೆಯೊಡನೆ ಜಗತ್ತಿನ ಎಲ್ಲೆಡೆ ಬಿತ್ತು. ಅದರಲ್ಲಿದ್ದ ಸೀಸಿಯಂ ಎಂಬ ವಿಕಿರಣ ವಸ್ತು ಕೆಸರಿಗೆ ಅಂಟಿಕೊಂಡಿತು. ವರ್ಷ ವರ್ಷ ಮೇಲೆ ಹೊಸ ಕೆಸರು ಕೂತಿತು. ಉದ್ದನೆಯ ಪೈಪು ಹೊಡೆದು ಕೆಸರನ್ನು ಹಾಗೆಯೇ ಎತ್ತಿದರೆ, ಆ ಪದರ ಎಷ್ಟು ಆಳಕ್ಕಿದೆ ಎಂದು ಪತ್ತೆ ಮಾಡಬಹುದು.

ಆದರೆ ದೇವಬಾಗದಲ್ಲಿ ಎತ್ತಿದ ಕೆಸರು ಕೆಟ್ಟಿತ್ತು. ಮಾಜಾಳಿಯದೂ ಕೆಟ್ಟಿತ್ತು. ಎರಡರಲ್ಲೂ ಪದರಗಳೆಲ್ಲ ಕಲಸುಮೇಲೋಗರ. ಇದು ಮೂರನೆಯದು, ಕೊನೆಯದು. ಸೋಮವಾರ ರಜೆ, ಮಂಗಳವಾರ ಲ್ಯಾಬಿನಲ್ಲಿ ಆಕೆಯ ಸರದಿ. ತಪ್ಪಿದರೆ ಥೀಸಿಸ್ ಒಂದು ವರ್ಷ ಹಿಂದೆ.

ಜಾಗ ಆರಿಸಿದ್ದು ನಾನೇ. ರಸ್ತೆಗೆ ಹತ್ತಿರ, ಸಮತಟ್ಟು, ಸ್ವಚ್ಛ. ಪೈಪಿನ ತಲೆಗೆ ಮರದ ಕೊಡತಿ ಎತ್ತಿದೆ, ಅಷ್ಟೇ.

"ಅಲ್ರಾ ಸಾಹೇಬ್ರೆ, ಅಲ್ಲೆಂತ ಕುಟ್ತ್ರಿ? ನಿನ್ನೆ ನಾನೇ ಅದ್ನ ಕೆದ್ಕಿ ಹೋದದ್ದು. ಮೊನ್ನೆ ನಮ್ಮತ್ತೆ ಕೆದ್ಕಿದ್ದು. ಅವ್ಳ ಅತ್ತೆನೂ ಕೆದ್ಕಿದ್ದೇ!" ಮಾದೇವಿ ಬುಟ್ಟಿ ಕೆಳಗಿಟ್ಟು ನಕ್ಕಳು. "ನೀರು ಇಳಿಯೂದೆಲ್ಲ ಬರ್ದೆ ಅಂದ್ರಿ. ಇಳಿದ ಮೇಲೆ ಇಲ್ಲಿ ಯಾರು ಬತ್ರು ಅಂತ ಬರೀಲಿಲ್ವಾ?"

ಬರೆದಿರಲಿಲ್ಲ. ರೆಜಿಸ್ಟರಿನಲ್ಲಿ ಆ ಕಾಲಂ ಇರಲಿಲ್ಲ. (ದೇವಬಾಗ, ಮಾಜಾಳಿಯ ಜಾಗಗಳನ್ನು ಆರಿಸಿದವನೂ ನಾನೇ ಎಂಬುದನ್ನು ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ.)

"ಯಾರೂ ಕೆದಕದ ಜಾಗ ಇದೆಯಾ ಅಕ್ಕಾ?" ಎಂದಳು ಶೈಲಜಾ.

"ಜಾಗ ಅದೆ. ಮೊದ್ಲು ನೀ ಹೇಳು ತಂಗಿ, ಇದ್ರಲ್ಲಿ ಎಂತ ಹುಡುಕ್ತಿ?"

"ಅದೆಲ್ಲ ನಿನಗೆ ಅರ್ಥ ಆಗೋದಿಲ್ಲ, ಹೊತ್ತಾಯ್ತು" ಎಂದೆ ನಾನು. ಕಚೇರಿಯಲ್ಲಿ ಬಹಳ ಉಪಯೋಗಕ್ಕೆ ಬರುತ್ತಿದ್ದ ವಾಕ್ಯ. ಮಾದೇವಿ ಬುಟ್ಟಿಯ ಪಕ್ಕ ಕೂತೇಬಿಟ್ಟಳು. ನೀರು ತಿರುಗಲು ಅರ್ಧ ಗಂಟೆಯೂ ಇರಲಿಲ್ಲ.

ಶೈಲಜಾ ಆಕೆಯೆದುರು ಕುಕ್ಕರಗಾಲಲ್ಲಿ ಕೂತು ಎಲ್ಲ ವಿವರಿಸಿದಳು. ಬಾಂಬು ಎಂದದ್ದೇ ಮಾದೇವಿಯ ನಗು ಹೋಯಿತು. ಬುಟ್ಟಿಯೊಳಗೆ ನೋಡಿದಳು.

"ಹಂಗಾರೆ ನಾವು ಇದ್ನೇ ತಿಂತಾ ಬಂದದ್ದಾ? ಮಕ್ಳಿಗೂ ಹಾಕಿದ್ದು?"

ಏನೂ ಆಗುವುದಿಲ್ಲ ಎಂದುಬಿಡು ಎಂದು ನಾನು ಕಣ್ಸನ್ನೆ ಮಾಡಿದೆ. ಹುಡುಗಿ ಹಾಗೆ ಹೇಳಲಿಲ್ಲ.

"ಬಹಳ ಕಡಿಮೆ ಇರಬೇಕು ಅಕ್ಕಾ. ಎಲ್ಲ ಊರ ಮಣ್ಣಲ್ಲೂ ಅಷ್ಟಿಷ್ಟು ಇರ್ತದೆ. ಆದ್ರೆ ಅಳೆಯದೆ ನಾನು ಹೇಳೋದಿಲ್ಲ."

"ಅಳೆದ ಮೇಲೆ?"

"ಥೀಸಿಸಿನಲ್ಲಿ ಬರೀತೇನೆ."

"ಅದು ನಮ್ಮನೆಗೆ ಬತ್ತದ್ಯಾ? ಹಿಂದೂ ಇಬ್ರು ಬಂದು ಬಾಟ್ಲಿಲಿ ನೀರು ತುಂಬ್ಕಂಡು ಹೋದ್ರು. ಆಮೇಲೆ ಪತ್ತೆನೇ ಇಲ್ಲ. ನೀ ಬಂದು ಹೇಳ್ತಿ ಅಂದ್ರೆ ಜಾಗ ತೋರಿಸ್ತೆ. ಇಲ್ದಿದ್ರೆ ಸಾಹೇಬ್ರ ಜಾಗದಲ್ಲೇ ಕುಟ್ಟಿ."

"ಬರ್ತೇನೆ. ಒಳ್ಳೇದಿದ್ರೂ ಬರ್ತೇನೆ, ಕೆಟ್ಟದಿದ್ರೂ ಬರ್ತೇನೆ."

ಮಾದೇವಿ ಎದ್ದಳು. ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಪೊದೆಗಳ ಹಿಂದೆ ಗಬ್ಬುನಾರುವ ಕಪ್ಪು ಕೆಸರು. ಅಲ್ಲಿ ಬಳಚು ಸಿಗುವುದಿಲ್ಲ, ಆದ್ದರಿಂದ ಯಾರೂ ಕಾಲಿಡುವುದಿಲ್ಲ. ಇಸ್ತ್ರಿ ಪ್ಯಾಂಟು ಮಡಚಿ ಮೊಣಕಾಲುದ್ದ ಇಳಿದೆ. ಪೈಪು ಹೊಡೆದು, ಅದರ ಬಾಯಿ ಮುಚ್ಚಿ, ಮೂವರೂ ಸೇರಿ ಎಳೆದೆವು. ತುದಿಯಲ್ಲಿ ಇಣುಕಿದ ಕೆಸರಿನಲ್ಲಿ ಕಪ್ಪು, ಬೂದು ಗೆರೆಗಳು ಒಂದರ ಕೆಳಗೊಂದು ಸ್ಪಷ್ಟವಾಗಿದ್ದವು. ಶೈಲಜಾ ಕೆಸರುಗೈಯಲ್ಲೇ ಮಾದೇವಿಯ ಕೈ ಹಿಡಿದುಕೊಂಡಳು.

ನಕ್ಷೆ ನೋಡಿ ಜಾಗ ಆರಿಸುತ್ತೇವೆ. ದಿನವೂ ಅದೇ ಕೆಸರಿನಲ್ಲಿ ನಿಂತವರನ್ನು ಒಂದು ಮಾತು ಕೇಳಲು ನಮಗೇನು ಕಷ್ಟ? ನನ್ನ ಮಟ್ಟಿಗೆ, ಕೇಳುವುದು ಕೆಳಗಿನವರ ಕೆಲಸ ಎಂದು ತಿಳಿದದ್ದೇ ಕಷ್ಟ.

ಸಂಜೆ ಆರು ಗಂಟೆ, ಕಾರವಾರ. ಪೈಪನ್ನು ನೆಟ್ಟಗೆ ನಿಲ್ಲಿಸಿ ಕಟ್ಟಿದ್ದಾಯಿತು. ಶೈಲಜಾಳ ನೋಟ್‌ಬುಕ್ಕಿನಲ್ಲಿ 'ವರದಿ ತಲುಪಿಸಬೇಕಾದವರು' ಎಂಬ ಪಟ್ಟಿಯಿತ್ತು. ಅದರಲ್ಲಿ ಪ್ರೊಫೆಸರು ಮತ್ತು ಲ್ಯಾಬು, ಎರಡೇ ಹೆಸರಿದ್ದವು. ಆಕೆ ನನ್ನ ಕೈಗೆ ಪೆನ್ನು ಕೊಟ್ಟಳು. ಮೂರನೆಯ ಸಾಲಿನಲ್ಲಿ ಮಾದೇವಿಯ ಹೆಸರು, ಬೆಳಂಬಾರದ ವಿಳಾಸ, ಆಕೆಯ ಮನೆ ಹತ್ತಿರದ ಎಸ್‌ಟಿಡಿ ಬೂತಿನ ನಂಬರು ಬರೆದು ಕೆಳಗೆ ಗೆರೆ ಎಳೆದೆ. ಅಂದಿನ ಕೆಲಸ ಮುಗಿಯಿತು.

ಪರೀಕ್ಷೆಗೆ ರಕ್ತ ಕೊಟ್ಟವನ ಕೈಗೆ ರಿಪೋರ್ಟು ಕೊಡುತ್ತೇವೆ, ಮಣ್ಣು ಕೊಟ್ಟವಳಿಗೆ ಯಾಕಿಲ್ಲ?