ಪೇಂಟಿಂಗಿಗೆ ಬಂದ ಹಳದಿ ರೋಗ

ಪೇಂಟಿಂಗ್ ನೋಡಿ ಅಡಿಕೆ ತೋಟಕ್ಕೆ ರೋಗ ಬಂದಿದೆ ಅಂತ ತೀರ್ಮಾನ ಮಾಡಬಹುದೇ? ಮಾಡಬಹುದು ಮಾರಾಯ್ರೆ. ಕಳೆದ ಭಾನುವಾರ ಕಮ್ಮರಡಿಯ ನಮ್ಮ ಅಕ್ಕನ ಮನೆಯಲ್ಲೇ ಮಾಡಿದರು.

ಅಕ್ಕನ ಮಗಳು ಸುಮಾಳನ್ನು ನೋಡಲು ಬೇಗಾರಿನಿಂದ ಗಂಡಿನ ಕಡೆಯವರು ಬರುವವರಿದ್ದರು. ಸುಮಾ ಪೇಂಟಿಂಗ್ ಕಲಿತವಳು. ಕಮ್ಮರಡಿಯನ್ನೇ ಬರೆದಿದ್ದಾಳೆ, ಇಂಪ್ರೆಷನಿಸ್ಟ್ ಶೈಲಿಯಲ್ಲಿ. ಹಾಗಂದರೆ? ಹತ್ತಿರ ಹೋದರೆ ಬರೀ ಬಣ್ಣದ ಪಟ್ಟೆ, ಚುಕ್ಕಿ. ದೂರ ನಿಂತರೆ ಊರು, ಗದ್ದೆ, ತೋಟ, ಎಲ್ಲದರ ಮೇಲೂ ಹಳದಿ ಬಿಸಿಲು. (ಮೊದಲ ಸಲ ನೋಡಿದಾಗ, ಇದು ಬ್ರಷ್ ಒರೆಸಿದ ಬಟ್ಟೆಯಾ ಅಂತ ಕೇಳಿ ನಾನೂ ಬೈಸಿಕೊಂಡಿದ್ದೆ.)

"ಈ ಚಿತ್ರ ನೋಡಿ ನಗೋ ಹುಡುಗ ನಂಗೆ ಬೇಡ ಚಿಕ್ಕಮ್ಮ" ಅಂದಿದ್ದಳು. ಸರಿ, ಪರೀಕ್ಷೆ ಆಗಿಯೇ ಬಿಡಲಿ ಅಂತ ಅದನ್ನು ಜಗಲಿಯಲ್ಲಿ, ಕುರ್ಚಿಗಳ ಎದುರಿಗೇ ನೇತುಹಾಕಿದ್ದು ನಾನೇ.

ಬಂದರು. ಹುಡುಗನಿಗೆ ಶೃಂಗೇರಿಯಲ್ಲಿ ಮೊಬೈಲ್ ಅಂಗಡಿ. ಅಪ್ಪನಿಗೆ ತೋಟವೇ ಪ್ರಪಂಚ. ಅವರು ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡೇ ಚಿತ್ರದ ಹತ್ತಿರ ಹೋದರು. ಕನ್ನಡಕ ಏರಿಸಿದರು. ಯಾರ ತೋಟ ಇದು ಅಂದರು. ಅಕ್ಕ ಹಿಗ್ಗಿ, ನಮ್ಮದೇ, ಸುಮಾ ಇದ್ದದ್ದು ಇದ್ದ ಹಾಗೆ ಬರೀತಾಳೆ ಅಂದುಬಿಟ್ಟಳು.

"ಹಂಗಾದ್ರೆ ಹಳದಿ ಎಲೆ ರೋಗ ಶುರುವಾಗಿದೆ" ಅಂದರು ಅವರು ಮೆಲ್ಲಗೆ.

ನಾನು ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು ಎದ್ದೆ. ನಮ್ಮ ಕಡೆ ಈ ರೋಗ ಹೊಕ್ಕ ತೋಟ ಅಂದರೆ ಮುಗೀತು, ಸಂಬಂಧವೂ ಅಲ್ಲಿಗೇ ನಿಲ್ಲುತ್ತದೆ. ಅದು ಬಣ್ಣ ಅಂದೆ, ಬಿಸಿಲು ಅಂದೆ, ಫ್ರಾನ್ಸಿನಲ್ಲಿ ಹೀಗೇ ಬರೀತಾರೆ ಅಂದೆ. ಫ್ರಾನ್ಸಿನಲ್ಲಿ ಅಡಿಕೆ ಬೆಳೀತಾರಾ ಅಂತ ಕೇಳಿದರು. ನಗು ತಡೆಯಲಾರದೆ ಕೆಮ್ಮಿದೆ.

ಭಾವನಿಗೆ ಮಾತ್ರ ಪಿತ್ತ ನೆತ್ತಿಗೇರಿತು. ಬನ್ನಿ, ಒಂದೊಂದು ಮರವನ್ನೂ ತೋರಿಸ್ತೇನೆ ಅಂತ ಎದ್ದರು. ಹಿರಿಯರೆಲ್ಲ ಪಂಚೆ ಎತ್ತಿ ಕಟ್ಟಿ ತೋಟಕ್ಕಿಳಿದರು. ಹುಡುಗನ ತಾಯಿಯೂ ಸೀರೆ ನೆರಿಗೆ ಹಿಡಿದು ಹಿಂದೆಯೇ ಹೋದರು. (ಹೆಣ್ಣು? ಅವಳು ಕಾಫಿ ತಟ್ಟೆ ಹಿಡಿದು ಬಾಗಿಲಲ್ಲೇ ಬಾಕಿ.)

ಬಂದವರಲ್ಲಿ ಹುಡುಗ ಒಬ್ಬನೇ ಜಗಲಿಯಲ್ಲಿ ಉಳಿದ. ಚಿತ್ರ ನೋಡುತ್ತ ಹಿಂದೆ ಹಿಂದೆ ಹೋದ. ಬೆನ್ನು ಕಂಬಕ್ಕೆ ತಾಗಿತು. ಅಲ್ಲಿಂದಲೇ ಸುಮಾಳನ್ನು ಕೇಳಿದ. "ಇದು ಸಂಜೆ ಬಿಸಿಲಲ್ವಾ?"

ಅಯ್ಯೋ, ಅವಳ ಮುಖ ನೀವು ನೋಡಬೇಕಿತ್ತು! ಸಕ್ಕರೆ ತರುವ ನೆಪ ಮಾಡಿ ಒಳಗೆ ಓಡಿದೆ. (ಕಿವಿ ಜಗಲಿಯಲ್ಲೇ ಇತ್ತು ಬಿಡಿ.) ಆ ನೆರಳು ನೀಲಿ ಯಾಕೆ, ಗದ್ದೆಯಲ್ಲಿ ನೇರಳೆ ಬಣ್ಣ ಎಲ್ಲಿಂದ ಬಂತು ಅಂತ ಅವನು ಕೇಳೋದು, ಇವಳು ಕಾಫಿ ಆರುವುದನ್ನೂ ಮರೆತು ಹೇಳೋದು. ಅಡುಗೆಮನೆಯಲ್ಲಿ ನಾನು ಸಕ್ಕರೆ ಡಬ್ಬಿ ಅಪ್ಪಿಕೊಂಡು ಕುಣಿಯುವುದೊಂದು ಬಾಕಿ.

ಅಷ್ಟರಲ್ಲಿ ತೋಟದವರು ವಾಪಸ್. ಹುಡುಗನ ಅಪ್ಪ ಕಾಲು ತೊಳೆದು, ಕುರ್ಚಿಯಲ್ಲಿ ಕೂತು, ಗಂಭೀರವಾಗಿ ಹೇಳಿದರು. "ಒಂದು ಮರಕ್ಕೂ ರೋಗ ಇಲ್ಲ. ನಮಗೆ ಒಪ್ಪಿಗೆ."

"ನಂಗೂ ಹುಡುಗ ಒಪ್ಪಿಗೆ" ಅಂದಳು ಸುಮಾ, ಯಾರೂ ಕೇಳುವ ಮೊದಲೇ.

ಹೆಣ್ಣು ನೋಡಲು ಬಂದ ಅಷ್ಟು ಜನರಲ್ಲಿ ಹೆಣ್ಣನ್ನು ನೋಡಿದವನು ಒಬ್ಬನೇ. ಸಾಕಲ್ವಾ?