ವರ್ಳಿಯ ಹವಳ ಮತ್ತು ನನ್ನ ಬಾಯಿ

ಮೊದಲೇ ಹೇಳಿಬಿಡುತ್ತೇನೆ: ವರ್ಳಿಯ ಬಂಡೆಗಳ ಮೇಲೆ ಆ ಹವಳ ಒಡೆದದ್ದು ನನ್ನ ಬಾಯಿಯಿಂದ. ಸರಕು ಸಾಗಿಸುವ ಬಾರ್ಜು ಬಂದು ಅಪ್ಪಳಿಸಿದಾಗಲೂ ಉಳಿದುಕೊಂಡಿದ್ದನ್ನು ನಾನು ಒಂದು ಮಾತಿನಲ್ಲಿ ಮುರಿದೆ.

ಸಯನ್‌ನಿಂದ ಹೊರಟದ್ದು ಭಾನುವಾರ, ಬೆಳಕು ಹರಿಯುವ ಮೊದಲು. ಅಮಾವಾಸ್ಯೆಯ ಮಾರನೆಯ ದಿನ ಸಮುದ್ರ ತುಂಬ ಹಿಂದೆ ಸರಿಯುತ್ತದೆ. ಒಡೆದ ಬಾರ್ಜಿನ ಚೂರು ತೆಗೆಯುವ ಕೆಲಸಕ್ಕೆ ಸಿಗುವುದು ಆ ಎರಡು ತಾಸು ಮಾತ್ರ. ಕರೆದೊಯ್ದವರು ನಮ್ಮ ಬಿಲ್ಡಿಂಗಿನ ಶೈಲಜಾ ಆಂಟಿ. ಮೈಸೂರಿನವರು, ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುತ್ತಾರೆ, ಮೂಗಿನಿಂದ. ಜೊತೆಗೆ ಧಾರಾವಿಯಲ್ಲಿ ಗುಜರಿ ಕಬ್ಬಿಣ ಕತ್ತರಿಸುವ ದಸ್ತಗೀರ್ ಚಾಚಾ, ವಿಜಯಪುರದವರು. ದಾದರಿನಲ್ಲಿ ಗಾಡಿ ಬದಲಿಸುವಷ್ಟರಲ್ಲಿ ನಾನು ಇಬ್ಬರ ದನಿಯನ್ನೂ ಮಾಡಿ ತೋರಿಸಿದ್ದೆ. ಸ್ಟೇಷನ್ನಿನ ಅನೌನ್ಸ್‌ಮೆಂಟೂ ಆಯಿತು. ಅದನ್ನು ನಂಬಿ ಒಬ್ಬ ಮುದುಕರು ಪ್ಲಾಟ್‌ಫಾರ್ಮ್ ಬದಲಿಸಿದರು.

"ನಿನ್ನ ಸ್ವಂತ ದನಿ ಯಾವ್ದೋ?" ಎಂದರು ಆಂಟಿ.

"ರಿಪೇರಿಗೆ ಕೊಟ್ಟಿದೀನಿ ಆಂಟಿ."

ಮಹಾಲಕ್ಷ್ಮಿಯಲ್ಲಿ ಇಳಿದು ಟ್ಯಾಕ್ಸಿ ಹಿಡಿದೆವು. ರಸ್ತೆ ಬದಿಯಲ್ಲಿ ಅರ್ಧ ಗ್ಲಾಸಿನ ಕಟಿಂಗ್ ಚಹಾ ಕುಡಿದು ಬಂಡೆಗಳಿಗೆ ಇಳಿದರೆ ಪಾಚಿ, ಪ್ಲಾಸ್ಟಿಕ್, ಗಟಾರದ ವಾಸನೆ. ಹೋದ ಮಳೆಗಾಲದಲ್ಲಿ ಲಂಗರು ಕಿತ್ತುಕೊಂಡ ಬಾರ್ಜೊಂದು ಇಲ್ಲಿ ಒಡೆದಿತ್ತು. ದೊಡ್ಡ ಕಬ್ಬಿಣವನ್ನೆಲ್ಲ ಗುತ್ತಿಗೆದಾರರು ಒಯ್ದಿದ್ದರು. ಉಳಿದ ಚೂರುಗಳು ನಮ್ಮಂಥ ಸ್ವಯಂಸೇವಕರ ಪಾಲಿಗೆ.

ನನಗೆ ಹವಳವೆಂದರೆ ಅಜ್ಜಿಯ ಕೊರಳಿನದು. ಆಂಟಿ ತೋರಿಸಿದ್ದು ಊಟದ ತಟ್ಟೆಯಗಲದ, ಜೇನುಗೂಡಿನಂತೆ ತೂತುತೂತಾದ ಕಂದು ಗಂಟು. ಬಾರ್ಜು ಬರುವ ಎಷ್ಟೋ ವರ್ಷ ಮೊದಲಿನಿಂದ ಅವರು ಇದನ್ನು ನೋಡಲು ಬರುತ್ತಿದ್ದರಂತೆ. ಈಗ ಬಾಗಿಲಿನಷ್ಟು ದೊಡ್ಡ ತಗಡೊಂದು ಅದರ ಮೇಲೆ ಒರಗಿ, ಪ್ರತಿ ಉಬ್ಬರಕ್ಕೂ ಉಜ್ಜುತ್ತಿತ್ತು.

"ಇವತ್ತು ಎತ್ಲಿಲ್ಲಾಂದ್ರೆ ಮುಂದಿನ ಸಲ ನೋಡಕ್ಕೆ ಏನೂ ಇರಲ್ಲ," ಎಂದರು.

ಚಾಚಾ ಗರಗಸ ಹಿಡಿದು, ತಗಡಿಗೆ ಸಿಕ್ಕಿಕೊಂಡಿದ್ದ ಕಂಬಿಗಳನ್ನು ಕತ್ತರಿಸಿದರು. ಭಾಂಡುಪ್‌ನಿಂದ ಬಂದಿದ್ದ ನಾಲ್ವರು ಕಾಲೇಜು ಹುಡುಗರು ಹಗ್ಗ ಎಳೆದು ಅದನ್ನು ಮೇಲೆತ್ತಿದರು. ಆಂಟಿ ಬಕೆಟ್ ತರಲು ಹಿಂದೆ ಹೋಗಿದ್ದರು. ತಿಣುಕುತ್ತಿದ್ದ ಹುಡುಗರ ಮುಖ ನೋಡಿ ನನ್ನ ನಾಲಗೆ ತುರಿಸಿತು. ಅವರ ಬೆನ್ನ ಹಿಂದೆ ನಿಂತು ಆಂಟಿಯ ಮೂಗಿನಲ್ಲೇ ಹೇಳಿದೆ: "ಬಸ್, ಛೋಡ್ ದೋ."

ಬಿಟ್ಟೇಬಿಟ್ಟರು. ತಗಡಿನ ಮೂಲೆ ಬಡಿದು ಹವಳದ ಒಂದು ಬದಿ ಎರಡು ಚೂರಾಗಿ ಕಿತ್ತುಬಂತು. ಚಾಚಾ ಆಗತಾನೇ ಕೈ ಹಿಂದಕ್ಕೆ ತೆಗೆದಿದ್ದರು.

"ಇದು ನನ್ನ ಬಳ್ಳ ಆಗಿದ್ರ?" ಎಂದು ಬೆರಳು ತೋರಿಸಿದರು.

ಆಂಟಿ ಬಂದು ನೋಡಿದರು. ಹುಡುಗರು ನನ್ನ ಕಡೆ ಕೈ ತೋರಿಸಿದರು. ಅವರು ತಗಡನ್ನು ಮತ್ತೆ ಎತ್ತಿ ದಡಕ್ಕೆ ಒಯ್ದ ಮೇಲೆ, ಆಂಟಿ ಬಕೆಟ್ಟಿನಲ್ಲಿದ್ದ, ನೀರಿನಲ್ಲೂ ಗಟ್ಟಿಯಾಗುವ ಅಂಟನ್ನು ಚಪಾತಿ ಹಿಟ್ಟಿನಂತೆ ನಾದಿ ಚೂರುಗಳನ್ನು ಬಂಡೆಗೆ ಒತ್ತಿದರು. ನನ್ನ ಎರಡೂ ಕೈ ಎಳೆದು ಅವುಗಳ ಅಂಚಿಗೆ ಇಟ್ಟರು.

"ಗಟ್ಟಿಯಾಗೋವರ್ಗೂ ಅಲ್ಲಾಡ್ಬೇಡ. ನಗ್ಬೇಡ. ಮಾತಾಡ್ಬೇಡ."

ನೀರು ವಾಪಸಾಗತೊಡಗಿತು. ಕುಕ್ಕರುಗಾಲಿನಲ್ಲಿ ಕೂತವನ ಸೊಂಟಕ್ಕೆ ಬಂತು, ಎದೆಗೆ ಬಂತು. ಏಡಿಯೊಂದು ಪಾದದ ಮೇಲೆ ಹಾದುಹೋಯಿತು. ದಡದಲ್ಲಿ ಹುಡುಗರು ನನ್ನ ದನಿ ಮಾಡುತ್ತಿದ್ದರು, ಚೆನ್ನಾಗಿರಲಿಲ್ಲ, ತಿದ್ದುವಂತಿರಲಿಲ್ಲ. ಕೊನೆಗೆ ಆಂಟಿ ಬಂದು ಬೆರಳಿನಿಂದ ಒತ್ತಿ ನೋಡಿದರು. ಚೂರುಗಳು ಕದಲಲಿಲ್ಲ.

"ಬದುಕುತ್ತಾ ಆಂಟಿ?" ಎಂದೆ. ನನ್ನದೇ ದನಿ.

"ಗೊತ್ತಿಲ್ಲ. ಮುಂದಿನ ಅಮಾವಾಸ್ಯೆಗೆ ಬಂದು ನೋಡು."

ಹಿಂದಿರುಗುವ ಲೋಕಲ್‌ನಲ್ಲಿ ನನ್ನ ಒದ್ದೆ ಪ್ಯಾಂಟಿನ ವಾಸನೆಗೆ ಜನ ಧಾರಾಳವಾಗಿ ಜಾಗ ಬಿಟ್ಟರು. ದಾದರ್ ದಾಟಿದ ಮೇಲೆ ಚಟ ತಡೆಯಲಾಗಲಿಲ್ಲ.

"ಈಗ ಹವಳದ್ದು ಮಾಡ್ತೀನಿ, ನೋಡಿ ಚಾಚಾ," ಎಂದು ತುಟಿ ಬಿಗಿದು, ಕಣ್ಣೂ ಮಿಟುಕಿಸದೆ ಕೂತೆ. ಆಂಟಿ ಕಿಟಕಿಯ ಕಡೆ ತಿರುಗಿದರು.

ಚಾಚಾ ನನ್ನ ಮುಖ ನೋಡಿ ಹೇಳಿದರು:

"ಇದೊಂದು ಚಲೋ ಬಂದೈತಿ ನೋಡು. ಸಯನ್ ಬರೂತನಕ ಹಿಂಗ ಇರು."